ಹಳ್ಳಿಯ ನಂಟಸ್ತಿಕೆ ಬಗ್ಗೆ ಕ್ಷೇತ್ರಕಾರ್ಯ: ಜಾತಿ ವಿಷಯ ಬಿಟ್ಟು ಬರೀ ವಂಶಾವಳಿ ಬರೆದರೆ ಸಾಕಾ?

ಇದನ್ನೇ ನಾನೂ ಎಂ.ಎ. ಓದುವಾಗ ನಮ್ಮ ಮೇಷ್ಟ್ರನ್ನು ಕೇಳಿದ್ದೆ. ಮಂಡ್ಯ ಕಡೆಯ ಒಂದು ಹಳ್ಳಿಗೆ ಹೋದೆ. ಗೌಡರ ಮನೆಯಲ್ಲೇ ವಾಸ, ಊಟವೂ ಅಲ್ಲೇ. ವಾರದೊಳಗೆ ಆ ಬೀದಿಯ ವಂಶಾವಳಿಯೆಲ್ಲ ಬರೆದು ಮುಗಿಸಿದ್ದೆ. ಯಾರು ಅಕ್ಕನ ಮಗಳನ್ನು ತಂದುಕೊಂಡರು, ಯಾರು ಸೋದರತ್ತೆ ಮಗಳನ್ನು, ಎಲ್ಲ.

ಎಂಟನೇ ದಿನ ದಲಿತರ ಕೇರಿಗೆ ಹೋದೆ. ಒಬ್ಬ ಅಜ್ಜಿ ಚಾಪೆ ಹಾಸಿ, "ನೀರು ಕುಡೀತೀಯೇನವ್ವ?" ಅಂದರು. "ಬೇಡಜ್ಜಿ, ಈಗ ತಾನೇ ಕುಡಿದು ಬಂದೆ" ಅಂದೆ.

ನನಗೆ ನಿಜಕ್ಕೂ ಬಾಯಾರಿರಲಿಲ್ಲ. ಸುಮ್ನೆ ಯಾಕೆ ತೊಂದರೆ ಕೊಡಬೇಕು ಅಂತಲೂ ಅನ್ನಿಸಿತ್ತು. ಆದರೆ ನಾನು ಬಂದದ್ದು ಗೌಡರ ಮನೆಯಿಂದ ಅಂತ ಕೇರಿಗೆಲ್ಲ ಗೊತ್ತು. ಅಲ್ಲಿ ಮೂರು ಹೊತ್ತು ಉಂಡವಳು ಇಲ್ಲಿ ಒಂದು ಲೋಟ ನೀರು ಮುಟ್ಟಲಿಲ್ಲ. ಆ ಅಜ್ಜಿ ಹುಟ್ಟಿದಾಗಿನಿಂದ ಕೇಳುತ್ತಾ ಬಂದ "ಬೇಡ" ಅದೇ. ನನ್ನ ಮನಸ್ಸಲ್ಲಿ ಏನಿತ್ತು ಅನ್ನೋದು ಅವರಿಗೆ ಹೇಗೆ ಗೊತ್ತಾಗಬೇಕು? ಮರುದಿನ ನಾನೇ ನೀರು ಕೇಳಿದೆ. ಕೊಟ್ಟರು. ಆದರೆ ಬಾಯಿ ಬಿಡಲಿಲ್ಲ. ಎರಡು ತಿಂಗಳಲ್ಲಿ ಆ ಕೇರಿಯಿಂದ ನನಗೆ ಸಿಕ್ಕಿದ್ದು ಬರೀ ಹೆಸರುಗಳು.

ನಂಟಸ್ತಿಕೆ ಬೇರೆ, ಜಾತಿ ಬೇರೆ ಅನ್ನೋ ನಿಮ್ಮ ಲೆಕ್ಕವೇ ತಪ್ಪು. ಹಳೇ ಮೈಸೂರಿನ ಕಡೆ, ಗೌಡರ ಮನೆಗೆ ತಲೆಮಾರಿನಿಂದ ದುಡಿಯುವ ದಲಿತನನ್ನು 'ಹಳೇಮಗ' ಅಂತಿದ್ದರು. ಕರೆಯೋದು ಮಗ ಅಂತ. ಮದುವೆಗೆ, ಸಾವಿಗೆ ಅವನೇ ಬೇಕು. ಸುಗ್ಗಿಯಲ್ಲಿ ಅವನಿಗೆ ಕಾಳು. ಆದರೆ ಹೊಸ್ತಿಲು ದಾಟುವಂತಿಲ್ಲ. ನಾನಿದ್ದ ಮನೆಯ ಕೊಟ್ಟಿಗೆ ಸೂರಿಗೆ ಒಂದು ತಟ್ಟೆ ಸಿಕ್ಕಿಸಿದ್ದರು. ಹಳೇ ಸಾಮಾನು ಅಂದುಕೊಂಡು ನಾನು ಬರೆದುಕೊಳ್ಳಲೇ ಇಲ್ಲ. ಅದು ಆ ಮಗನ ಊಟದ ತಟ್ಟೆ. ಗೌಡರ ಮೊಮ್ಮಗ ತನ್ನ ಬೀದಿಯ ಹಿರಿಯರನ್ನೆಲ್ಲ ದೊಡ್ಡಪ್ಪ, ಮಾವ ಅಂತಿದ್ದ. ಎಪ್ಪತ್ತು ದಾಟಿದ ಈ ಹಳೇಮಗನನ್ನು ಮಾತ್ರ "ಬಾರೋ" ಅಂತಿದ್ದ. ನಿಮ್ಮ ವಂಶಾವಳಿಯಲ್ಲಿ ಇವರಿಗೆ ಎಲ್ಲಿ ಗೆರೆ ಎಳೀತೀರಿ?

1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರೂ ಮೈಸೂರು ಹತ್ತಿರದ ಹಳ್ಳಿಯಲ್ಲಿ ಪಟೇಲರ ದನದ ಮನೆಯಲ್ಲೇ ಉಳಿದಿದ್ದರು. ತಾನು ಊರನ್ನು ಮೇಲ್ಜಾತಿಯವರ ಕಡೆಯಿಂದ ನೋಡಿದೆ ಅಂತ ಆಮೇಲೆ ಅವರೇ ಒಪ್ಪಿಕೊಂಡರು. ನಮಗೆ ಅದು ಮೊದಲೇ ಗೊತ್ತಿದೆ, ಅಲ್ವಾ? ಹಾಗಾಗಿ ಗೌಡರ ಮನೆ ಬೇಡ. ಕೇರಿಯಲ್ಲಿ ಒಂದು ಕೋಣೆ ಸಿಕ್ಕರೆ ಅಲ್ಲೇ ಇರಿ. ಮೊದಲ ಊಟ ಅಲ್ಲೇ ಆಗಲಿ. ಮೇಲಿನ ಬೀದಿಯವರು ಮುಖ ತಿರುಗಿಸಿದರೆ, ಯಾರು ತಿರುಗಿಸಿದರು ಅನ್ನೋದನ್ನೂ ಬರೆದುಕೊಳ್ಳಿ.

ಯಾವ ತಾಲ್ಲೂಕಿಗೆ ಹೋಗ್ತಿದ್ದೀರಿ ಅಂತ ತಿಳಿಸಿ. ಆ ಕಡೆ ಯಾರು ಯಾರನ್ನು ಏನಂತ ಕರೀತಾರೆ ಅಂತ ನನಗೆ ಗೊತ್ತಿರೋದನ್ನು ಬರೆದು ಕಳಿಸ್ತೇನೆ.