‘ಒಳಪರೀಕ್ಷೆಗೆ ಒಪ್ಪಲಾಗದೆ ಎದ್ದು ಬಂದೆ’

ಪ್ರಶ್ನೆ: ನನಗೆ 33 ವರ್ಷ, ಮಂಡ್ಯದ ಬಳಿ ಶಿಕ್ಷಕಿ. ಮದುವೆಯಾಗಿ ಎಂಟು ವರ್ಷವಾದರೂ ಗಂಡನ ಎದುರು ದೀಪ ಉರಿಯುತ್ತಿದ್ದರೆ ಮೈ ಬಿಗಿಯುತ್ತದೆ; ನನಗೇನು ಹಿತ, ಏನು ಬೇಡ ಎಂದು ಒಮ್ಮೆಯೂ ಹೇಳಿಲ್ಲ. ಬಿಳಿ ಸೆರಗು ಹೋಗುತ್ತದೆಂದು ಮೈಸೂರಿಗೆ ಹೋದರೂ ಒಳಪರೀಕ್ಷೆ ಮಾಡಿಸಿಕೊಳ್ಳಲಾಗದೆ ಎದ್ದು ಬಂದೆ. ಸ್ತ್ರೀವಾದ ಓದಿಕೊಂಡ ಗೆಳತಿ ‘ಇಷ್ಟು ಓದಿಯೂ ಹೀಗೇ?’ ಎಂದು ಹಂಗಿಸುತ್ತಾಳೆ. ತಪ್ಪು ನನ್ನದೇ?

ಉತ್ತರ (ಸ್ತ್ರೀರೋಗ ತಜ್ಞೆ, ಮೈಸೂರು): ಅರ್ಧಕ್ಕೆ ನಿಂತಿರುವ ಬಿಳಿ ಸೆರಗಿನ ಮಾತನ್ನು ಮೊದಲು ಮುಗಿಸೋಣ. ವಾಸನೆಯಿಲ್ಲದೆ, ತಿಳಿಯಾಗಿ ಅಥವಾ ಬೆಳ್ಳಗೆ ಹೋಗುವ ಸ್ರಾವ ರೋಗವಲ್ಲ; ಎರಡು ಮುಟ್ಟಿನ ನಡುವೆ ಅಂಡಾಣು ಬಿಡುಗಡೆಯಾಗುವ ದಿನಗಳಲ್ಲಿ ಅದು ಲೋಳೆಯಾಗಿ ಹೆಚ್ಚುವುದೂ ಸಹಜ, ಅದರಿಂದ ಮೂಳೆ ಕರಗುವುದೂ ಇಲ್ಲ. ತುರಿಕೆ, ಒಡೆದ ಮೊಸರಿನಂತಹ ಸ್ರಾವ, ಹಸಿರು ಅಥವಾ ಹಳದಿ ಬಣ್ಣ, ಕೆಟ್ಟ ವಾಸನೆ, ಕೂಡಿದ ನಂತರ ರಕ್ತ ಕಾಣಿಸುವುದು, ಇವುಗಳಲ್ಲಿ ಯಾವುದಿದ್ದರೂ ತೋರಿಸಿಕೊಳ್ಳಲೇಬೇಕು. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆಯುವುದು ಬೇಡ. ಸೋಂಕನ್ನು ದೂರವಿಡುವ ಅಲ್ಲಿನ ಆಮ್ಲೀಯತೆಯೇ ಅದರಿಂದ ಕೆಡುತ್ತದೆ.

ಇನ್ನು ನಾಚಿಕೆ. ಅದು ನಿಮ್ಮ ಹುಟ್ಟುಗುಣವಲ್ಲ, ನಮ್ಮ ಕಡೆ ಹೆಣ್ಣುಮಕ್ಕಳಿಗೆ ಬಹಳ ಅಚ್ಚುಕಟ್ಟಾಗಿ ಕಲಿಸಿದ ಪಾಠ. ಹುಡುಗಿ ಮೈನೆರೆದಾಗ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿ, ಮುತ್ತೈದೆಯರು ಆರತಿ ಎತ್ತಿ, ಚಿಗಳಿ ಉಂಡೆ ತಿನ್ನಿಸಿ ಊರಿಗೆಲ್ಲ ಸಾರಿದ ಸುದ್ದಿಯನ್ನು ಮರುತಿಂಗಳಿನಿಂದ ಅವಳು ಮನೆಯೊಳಗೂ ಬಾಯಿಬಿಡಬಾರದು; ಮುಟ್ಟಿನ ಬಟ್ಟೆಗೂ ಬಿಸಿಲು ತಾಕದಂತೆ ಮೇಲೊಂದು ಸೀರೆ ಹರವಬೇಕು. ಹೀಗೆ ಬೆಳೆದವಳು ಮದುವೆಯ ರಾತ್ರಿಯಿಂದ ಮಾತ್ರ ಸಂಕೋಚವಿಲ್ಲದೆ ಇರಬೇಕೆಂದು ಬಯಸುವುದು ಯಾವ ನ್ಯಾಯ? ನಮ್ಮ ವೈದ್ಯಶಾಸ್ತ್ರವೂ ಇಲ್ಲಿ ಬೆನ್ನು ತಟ್ಟಿಕೊಳ್ಳುವಂತಿಲ್ಲ. ಹೆಣ್ಣಿನ ಸುಖಕ್ಕೆ ಮುಖ್ಯವಾದ ಭಗಾಂಕುರವು ಪಠ್ಯಪುಸ್ತಕಗಳು ತೋರಿಸುತ್ತಿದ್ದುದಕ್ಕಿಂತ ಬಹಳ ದೊಡ್ಡದು, ಅದರ ಹೆಚ್ಚಿನ ಭಾಗ ದೇಹದ ಒಳಗೇ ಇದೆ ಎಂದು ಆಸ್ಟ್ರೇಲಿಯಾದ ಶಸ್ತ್ರವೈದ್ಯೆ ಹೆಲೆನ್ ಓಕಾನೆಲ್ ವಿವರವಾಗಿ ಪ್ರಕಟಿಸಿದ್ದು 1998ರಲ್ಲಿ. ಸಂಭೋಗವೊಂದರಿಂದಲೇ ಅನೇಕ ಹೆಂಗಸರಿಗೆ ತೃಪ್ತಿ ದೊರೆಯದಿರುವುದು ಅವರ ಕೊರತೆಯಲ್ಲ, ಶರೀರದ ರಚನೆಯೇ ಹಾಗಿದೆ. ಇದು ಗಂಡನಿಗೂ ತಿಳಿದಿರಬೇಕಾದ ವಿಷಯ. ಹಾಸಿಗೆಯಲ್ಲಿ ಹೇಳಲು ಕಷ್ಟವಾದರೆ ಹಗಲು ಹೊತ್ತಿನಲ್ಲಿ, ಮಗ್ಗುಲಲ್ಲಿ ಕೂತು, ಒಂದೇ ಒಂದು ಸಂಗತಿಯಿಂದ ಶುರುಮಾಡಿ. ಬೇಡವೆಂದಾಗ ಬೇಡ ಎನ್ನುವ ಹಕ್ಕೂ ನಿಮ್ಮದೇ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಲೈಂಗಿಕ ಹಿಂಸೆಯನ್ನೂ ದೌರ್ಜನ್ಯವೆಂದೇ ಹೇಳುತ್ತದೆ.

ನಿಮ್ಮ ಗೆಳತಿಯ ಮಾತನ್ನು ನಾನು ಒಪ್ಪುವುದಿಲ್ಲ. ಹೆಣ್ಣಿನ ಮೈಯ ವಿಚಾರದಲ್ಲಿ ತೀರ್ಮಾನ ಅವಳದೇ ಎನ್ನುವ ಸ್ತ್ರೀವಾದವು, ಅತ್ತೆಯ ಜಾಗದಲ್ಲಿ ಕೂತು ಇನ್ನೊಬ್ಬಳ ನಡತೆಗೆ ಅಂಕ ಹಾಕಲು ಹೊರಟರೆ ಅರ್ಥ ಕಳೆದುಕೊಳ್ಳುತ್ತದೆ. ದೀಪ ಆರಿಸಿಯೇ ಇರಬೇಕೆನಿಸಿದರೆ ಆರಿಸಿಕೊಳ್ಳಿ, ಅದಕ್ಕೆ ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಆದರೆ ಪರೀಕ್ಷೆಯ ವಿಷಯದಲ್ಲಿ ನಾನು ಇಷ್ಟು ಸಡಿಲವಾಗಿ ಮಾತನಾಡಲಾರೆ: ಮೂವತ್ತು ದಾಟಿದ ಮೇಲೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಅಗತ್ಯ, ನಾಚಿಕೆಯಿಂದ ಅದು ತಪ್ಪಬಾರದು.

ಆದ್ದರಿಂದ ಮತ್ತೊಮ್ಮೆ ಹೋಗಿ. ಇಲ್ಲಿನ ಚೆಲುವಾಂಬ ಆಸ್ಪತ್ರೆಯಾದರೂ ಸರಿ, ಬೇರೆಡೆಯಾದರೂ ಸರಿ. ಮಂಚ ಹತ್ತುವ ಮೊದಲೇ, ಸೀರೆ ಸರಿಪಡಿಸಿಕೊಂಡು ಕುರ್ಚಿಯಲ್ಲಿ ಕೂತಿರುವಾಗಲೇ, ‘ಹಿಂದೆ ಆಗಲಿಲ್ಲ, ನಿಧಾನವಾಗಿ ಮಾಡಿ’ ಎಂದು ಹೇಳಿಬಿಡಿ. ವೈದ್ಯೆಯೇ ಬೇಕೆಂದು, ಜೊತೆಗೆ ಒಬ್ಬ ನರ್ಸ್ ಇರಲಿ ಎಂದು, ಮೇಲೆ ಬಟ್ಟೆ ಹೊದಿಸಿ ಎಂದು ಕೇಳಬಹುದು. ನೋವಾದರೆ ‘ನಿಲ್ಲಿಸಿ’ ಎನ್ನಬಹುದು. ಸೆರಗನ್ನು ಮುಖದ ಮೇಲೆಳೆದುಕೊಂಡು ಉಸಿರು ಬಿಗಿಹಿಡಿಯುವವರು ನನ್ನಲ್ಲಿಗೂ ಬರುತ್ತಾರೆ. ಉಸಿರು ಬಿಗಿಹಿಡಿದಷ್ಟೂ ಒಳಗಿನ ಸ್ನಾಯು ಬಿಗಿದು ನೋವು ಹೆಚ್ಚುವುದರಿಂದ ಬಾಯಿ ತೆರೆದು ನಿಧಾನವಾಗಿ ಉಸಿರು ಬಿಡಿ. ಅಷ್ಟಾದರೂ ಸ್ನಾಯು ತಾನಾಗಿ ಬಿಗಿದುಕೊಂಡರೆ ಅದಕ್ಕೂ ಚಿಕಿತ್ಸೆಯಿದೆ, ಮುಚ್ಚಿಡದೆ ತಿಳಿಸಿ. ಮುಟ್ಟಿನ ದಿನಗಳನ್ನು ಬಿಟ್ಟು ದಿನ ಗೊತ್ತುಮಾಡಿಕೊಳ್ಳಿ, ಹಿಂದಿನ ಎರಡು ದಿನ ಒಳಗೆ ಯಾವ ಔಷಧಿಯನ್ನೂ ಇಟ್ಟುಕೊಳ್ಳಬೇಡಿ.