ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವ ಮೂರು ವಾರ ನೀರು, ಅಡುಗೆ, ನಿದ್ದೆ ಹೇಗೆ?

40 ಅಡಿಯ ಹಾಯಿದೋಣಿಯಲ್ಲಿ ನಾಲ್ವರು ಅಟ್ಲಾಂಟಿಕ್ ದಾಟುವಾಗ ದಿನ ಹೇಗೆ ಕಳೆಯುತ್ತದೆ, ಬಿರುಗಾಳಿಗೆ ಹೆದರಬೇಕೇ ಎಂದು ಕೇಳಿದ್ದೀರಿ. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಹೋಗುವ ಮಾಮೂಲಿ ದಾರಿಯನ್ನೇ ಹಿಡಿದು ಹೇಳುತ್ತೇನೆ. ಸುಮಾರು 2,700 ನಾಟಿಕಲ್ ಮೈಲಿ (ಸುಮಾರು 5,000 ಕಿ.ಮೀ.), 18ರಿಂದ 21 ದಿನ. ಚಂಡಮಾರುತದ ಕಾಲ ನವೆಂಬರ್ ಕೊನೆಗೆ ಮುಗಿಯುತ್ತದೆ, ಹೆಚ್ಚಿನವರು ಹೊರಡುವುದೂ ಆಗಲೇ. ಹಾಗಾಗಿ ಬಿರುಗಾಳಿಗಿಂತ ಜೀವ ತಿನ್ನುವುದು ಓಲಾಟ. ಪೂರ್ವದ ಕಡೆಯಿಂದ ಸದಾ ಬೀಸುವ ವಾಣಿಜ್ಯ ಮಾರುತ ಬೆನ್ನಿಗೇ ಇರುವುದರಿಂದ ದೋಣಿ ತೊಟ್ಟಿಲಿನಂತೆ ಎಡಕ್ಕೂ ಬಲಕ್ಕೂ ತೂಗುತ್ತಲೇ ಇರುತ್ತದೆ. ಐದು ಸೆಕೆಂಡಿಗೊಮ್ಮೆ ಎಂದರೂ ದಿನಕ್ಕೆ 17 ಸಾವಿರ ಸಲ!

ಮೊದಲ ಪೆಟ್ಟು ಬೀಳುವುದು ಹಗ್ಗಕ್ಕೆ. ಮುಂದಿನ ಹಾಯಿಗೆ ಕಂಬ ಕೊಟ್ಟು ಹೊರಕ್ಕೆ ಚಾಚಿರುತ್ತಾರೆ. ಆ ಕಂಬದ ತುದಿಯ ಕೊಂಡಿಯಲ್ಲಿ ಹಗ್ಗ ಪ್ರತಿ ಓಲಾಟಕ್ಕೂ ಒಂದೆರಡು ಅಂಗುಲ ಹಿಂದೆ ಮುಂದೆ ಸರಿಯುತ್ತದೆ, ಅದೂ ಅದೇ ಜಾಗದಲ್ಲಿ. ಮೊದಲು ಹೊರಗಿನ ಹೆಣಿಗೆ ಜುಂಗು ಏಳುತ್ತದೆ, ಆಮೇಲೆ ಒಳಗಿನ ಎಳೆ ಇಣುಕುತ್ತದೆ. ಅಲ್ಲಿಗೆ ಬಂದಿದ್ದರೆ ಆ ತುಂಡು ಕತ್ತರಿಸಿ ಬಿಸಾಡಿ, ಇನ್ನೊಂದು ರಾತ್ರಿ ತಡೆಯುತ್ತದೆ ಎಂದುಕೊಳ್ಳಬೇಡಿ. ಅಷ್ಟಾಗದಂತೆ ದಿನಾ ಬೆಳಿಗ್ಗೆ ಹಗ್ಗವನ್ನು ಒಂದು ಗೇಣು ಎಳೆದೋ ಬಿಟ್ಟೋ ಉಜ್ಜುವ ಜಾಗ ಬದಲಿಸಿದರೆ ಸಾಕು. ಹಾಯಿ ಏರಿಸುವ ಹಗ್ಗಕ್ಕೂ ಇದೇ ಮದ್ದು, ಆದರೆ ಅದು ಸವೆಯುವುದು ದೋಣಿಯ ನಡುವಿನ ಹಾಯಿಗಂಬದ ನೆತ್ತಿಯಲ್ಲಿ, ಕೆಳಗಿನಿಂದ ಕಾಣುವುದಿಲ್ಲ. ದೊಡ್ಡ ಹಾಯಿಯ ಬುಡವನ್ನು ಹಿಡಿದಿರುವ ಅಡ್ಡಗಂಬವನ್ನು, ಅಂದರೆ ಬೂಮ್ ಅನ್ನು, ಮುಂದಕ್ಕೆ ಎಳೆದು ಕಟ್ಟಿಡಿ. ಕಟ್ಟದಿದ್ದರೆ ಗಾಳಿ ಹಾಯಿಯ ಹಿಂಬದಿ ಹೊಕ್ಕ ಕ್ಷಣ ಅದು ರಪ್ಪನೆ ಈಚೆಗೆ ಬೀಸುತ್ತದೆ, ಅಡ್ಡ ಸಿಕ್ಕ ತಲೆ ಉಳಿಯುವುದು ಕಷ್ಟ.

ನೀರಿನ ಲೆಕ್ಕ: ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್. ನಾಲ್ವರಿಗೆ 21 ದಿನಕ್ಕೆ 336. ಅದರ ಮೇಲೆ ಅರ್ಧದಷ್ಟು ಸೇರಿಸಿ 500 ಲೀಟರ್ ಹೊತ್ತು ಹೊರಡಿ. ಎಲ್ಲವನ್ನೂ ಒಂದೇ ಟ್ಯಾಂಕಿಗೆ ತುಂಬಬೇಡಿ. ಪೈಪೊಂದು ಕಳಚಿಕೊಂಡರೆ ಒತ್ತಡ ಇಳಿದದ್ದೇ ತಡ ಪಂಪ್ ತಾನಾಗಿ ಓಡಿ, ಬೆಳಗಾಗುವುದರೊಳಗೆ ಟ್ಯಾಂಕಿನ ನೀರೆಲ್ಲ ದೋಣಿಯ ತಳ ಸೇರಿರುತ್ತದೆ. 150 ಲೀಟರಾದರೂ ಕ್ಯಾನುಗಳಲ್ಲಿರಲಿ. ಉಪ್ಪು ತೆಗೆಯುವ ಯಂತ್ರವಿದ್ದರೆ ಸ್ನಾನಕ್ಕಾಯಿತು ಎಂದುಕೊಳ್ಳಿ, ಪ್ರಾಣವನ್ನು ಅದರ ಮೇಲೆ ಇಡಬೇಡಿ. ಪಾತ್ರೆಗೆ ಸಮುದ್ರದ ನೀರು, ಕೊನೆಯ ಜಾಲಾಟಕ್ಕೆ ಮಾತ್ರ ಸಿಹಿನೀರು.

ಅಡುಗೆಗೆ ನಮ್ಮ ಪ್ರೆಷರ್ ಕುಕ್ಕರ್‌ನಷ್ಟು ಒಳ್ಳೆಯ ಪಾತ್ರೆ ಇನ್ನೊಂದಿಲ್ಲ. ಓಲಾಟಕ್ಕೆ ತಕ್ಕಂತೆ ತೂಗುವ ಒಲೆಯ ಮೇಲೆ ಹಿಡಿಕೆ ಹಾಕಿ ಬಿಗಿದರೆ, ಮುಚ್ಚಳ ಕೂತಿರುವ ಕುಕ್ಕರ್ ಚೆಲ್ಲುವುದಿಲ್ಲ, ಗ್ಯಾಸೂ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಅನ್ನಕ್ಕೆ ಮೂರು ಪಾಲು ಸಿಹಿನೀರಿಗೆ ಒಂದು ಪಾಲು ಸಮುದ್ರದ ನೀರು ಹಾಕಿದರೆ ಬೇರೆ ಉಪ್ಪು ಬೇಡ. ಎಲೆಕೋಸು, ಕುಂಬಳ, ಈರುಳ್ಳಿ ಬಾಳಿಕೆ ಬರುತ್ತವೆ. ಈರುಳ್ಳಿ ಮತ್ತು ಆಲೂಗಡ್ಡೆ ಒಟ್ಟಿಗಿಟ್ಟರೆ ಮಾತ್ರ ಬೇಗ ಕೊಳೆಯುತ್ತವೆ. ರಟ್ಟಿನ ಡಬ್ಬ ದೋಣಿಯೊಳಗೆ ತರಲೇಬೇಡಿ, ಅದರ ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಬರುತ್ತದೆ.

ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಒಬ್ಬೊಬ್ಬರಿಗೆ ಮೂರು ಗಂಟೆ ಪಾಳಿ. ಚುಕ್ಕಾಣಿಯನ್ನು ಆಟೋಪೈಲಟ್ ನೋಡಿಕೊಳ್ಳುತ್ತದೆ, ಕಣ್ಣು ಮಾತ್ರ ನಿಮ್ಮದು. 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ವೇಗದ ಸರಕು ಹಡಗು, 6 ನಾಟ್‌ನ ನೀವು ಎದುರಾದರೆ, 5 ನಾಟಿಕಲ್ ಮೈಲಿ ದೂರದ ದೀಪ 12 ನಿಮಿಷದೊಳಗೆ ಮೈಮೇಲಿರುತ್ತದೆ. ಅದಕ್ಕೇ ಹತ್ತು ನಿಮಿಷಕ್ಕೊಮ್ಮೆ ಸುತ್ತಲೂ ನೋಡಬೇಕು, ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್ ಪರದೆ ಖಾಲಿ ಇದ್ದರೂ. ಮಲಗುವವರು ಹಾಸಿಗೆಯ ಅಂಚಿಗೆ ಬಟ್ಟೆಯ ತಡೆ ಕಟ್ಟಿಕೊಂಡು, ಬೆನ್ನಿಗೆ ದಿಂಬು ಒತ್ತಿ ಮಲಗಬೇಕು. ಇಲ್ಲದಿದ್ದರೆ ಬೀಳದಂತೆ ಮೈ ಬಿಗಿಹಿಡಿಯುವುದರಲ್ಲೇ ರಾತ್ರಿ ಮುಗಿಯುತ್ತದೆ. ದಿಢೀರ್ ಮಳೆಗಾಳಿ ಹೆಚ್ಚಾಗಿ ಕತ್ತಲಲ್ಲೇ ಬರುವುದರಿಂದ ಸೂರ್ಯ ಮುಳುಗುವ ಮುನ್ನವೇ ಹಾಯಿ ಕಿರಿದು ಮಾಡಿ. ಆಮೇಲೂ ಮುಂಭಾಗಕ್ಕೆ ಹೋಗಲೇಬೇಕಾಗಿ ಬಂದರೆ ಸುರಕ್ಷಾ ಪಟ್ಟಿ ಸಿಕ್ಕಿಸಿಕೊಂಡೇ ಹೋಗಿ, ಅದೂ ಇನ್ನೊಬ್ಬರನ್ನು ಎಬ್ಬಿಸಿದ ಮೇಲೆ.