ಗಂಟಿನಲ್ಲಿ ಟಿ.ಸಿ. ಇರಲಿಲ್ಲ

ಯಾದಗಿರಿ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದಿದ್ದಾರೆ: "ಬಿ.ಎಡ್. ವಿದ್ಯಾರ್ಥಿಗಳಿಂದ ಗುಳೆಯ ನಾಟಕ ಆಡಿಸುವುದನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಬಡವರ ಸಂಕಟ ವೇಷ ಹಾಕಿ ಆಡುವಂಥದ್ದೇ? ಆ ಹೊತ್ತಿನಲ್ಲಿ ಪಾಠಯೋಜನೆ ಬರೆಯುವುದನ್ನಾದರೂ ಕಲಿಸಬಾರದೇ?"

ಮೇಷ್ಟ್ರೇ, ಮೊದಲು ತಪ್ಪೊಪ್ಪಿಗೆ. ಲೇಖನದ ಜೊತೆ ನಾವು ಹಾಕಿದ ಚಿತ್ರ ಕೆಟ್ಟದ್ದು: ಹರಿದ ಸೀರೆ, ಕೆನ್ನೆಗೆ ಮಸಿ, ಕಂಕುಳಲ್ಲಿ ಗೊಂಬೆ. ಕೂಲಿಗಾಗಿ ಊರು ಬಿಟ್ಟು ಗುಳೆ ಹೋಗುವವರು ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟೇ ಬಸ್ ಹತ್ತುತ್ತಾರೆ. ತಮ್ಮ ಸಿಟ್ಟು ನನ್ನದೂ ಹೌದು.

ಆದರೆ ಲೇಖನ ಹೇಳಿದ್ದು ಬೇರೆ ಬಗೆಯ ನಾಟಕದ ಬಗ್ಗೆ. ಅದಕ್ಕೆ ವೇದಿಕೆಯಿಲ್ಲ, ಪ್ರೇಕ್ಷಕರಿಲ್ಲ, ಬಾಯಿಪಾಠದ ಮಾತಿಲ್ಲ. ಒಂದು ಕಾಲೇಜಿನಲ್ಲಿ ಮೂಲೆಯಲ್ಲಿ ಕುಳಿತು ನೋಡಿದೆ. ನೆಲದ ಮೇಲೆ ಸೀಮೆಸುಣ್ಣದ ಚೌಕ, ಗೋಣಿಚೀಲದಷ್ಟು ಅಗಲ. ಸನ್ನಿವೇಶ ಇಷ್ಟು: ದೀಪಾವಳಿ ಮುಗಿದಿದೆ, ಮೇಸ್ತ್ರಿಯ ಮುಂಗಡ ಕೈಸೇರಿದೆ, ರಾತ್ರಿ ಬೆಂಗಳೂರು ಬಸ್. ಚೌಕದಲ್ಲಿ ಹಿಡಿಸಿದ್ದಷ್ಟೇ ಜೊತೆಗೆ. ಜೋಳದ ಹಿಟ್ಟೋ ಕೌದಿಯೋ ಎಂದು ಜಗಳವೇ ಆಯಿತು. ಮಗಳ ಪಠ್ಯಪುಸ್ತಕ ಒಳಗೆ ಹೋಯಿತು, ತವೆಗೆ ಜಾಗವಿಲ್ಲವೆಂದು ಹೊರಗೆ ಬಂತು. ತರಗತಿಯಲ್ಲಿ ಗುಳೆ ಮನೆಯಿಂದಲೇ ಬಂದ ಹುಡುಗನೊಬ್ಬನಿದ್ದ. ಬೋಧಕರು ಜಾಣರು, ಅವನದೇ ಕಥೆ ಆಡಿಸದೆ ಕಂಡಕ್ಟರ್ ಪಾತ್ರ ಕೊಟ್ಟರು. ಅವನು ಆ ಗಂಟಿಗೆ ಲಗೇಜ್ ಚೀಟಿ ಹರಿದ! ಮಗಳ ಟಿ.ಸಿ., ಅಂದರೆ ಶಾಲೆಯ ವರ್ಗಾವಣೆ ಪತ್ರ, ಮಾತ್ರ ಯಾರಿಗೂ ನೆನಪಾಗಲಿಲ್ಲ, ನಾಳೆ ಮೇಷ್ಟ್ರಾಗುವವರಿಗೇ.

ಮುಂದಿನ ದೃಶ್ಯ ಬೆಂಗಳೂರಿನ ಸರ್ಕಾರಿ ಶಾಲೆ. ಮುಖ್ಯಶಿಕ್ಷಕಿಯಾಗಿದ್ದ ಹುಡುಗಿ ತಲೆ ಎತ್ತದೆ, "ಟಿ.ಸಿ. ತನ್ನಿ, ಆಮೇಲೆ ನೋಡೋಣ" ಎಂದಳು. ಯಾರೂ ಹೇಳಿಕೊಟ್ಟ ಮಾತಲ್ಲ, ಕುರ್ಚಿಯಲ್ಲಿ ಕುಳಿತೊಡನೆ ಬಂದದ್ದು. ಬೋಧಕರು ಅಲ್ಲಿಗೇ ನಿಲ್ಲಿಸಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಓದಿಸಿದರು: ಟಿ.ಸಿ. ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ, ಟಿ.ಸಿ. ಕೊಡಲು ಸತಾಯಿಸುವ ಮುಖ್ಯಶಿಕ್ಷಕರ ಮೇಲೆ ಶಿಸ್ತುಕ್ರಮ ಜರುಗಿಸಬಹುದು. ಇದನ್ನೇ ಆ ಹುಡುಗಿ ಹಿಂದಿನ ತಿಂಗಳು ಕಿರುಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದಳಂತೆ. ಪಾಠಯೋಜನೆಯಿಂದ ಆಗದ ಕೆಲಸ ಯಾವುದೆಂದು ನನಗೆ ಹೊಳೆದದ್ದು ಆಗ.

ಅಂದ ಹಾಗೆ, ಇದು ಯಾರದೋ ಹವ್ಯಾಸವಲ್ಲ. 2014ರಲ್ಲಿ ಬಿ.ಎಡ್. ಎರಡು ವರ್ಷಕ್ಕೆ ಹಿಗ್ಗಿದಾಗ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ಪಠ್ಯಕ್ರಮದ ಚೌಕಟ್ಟಿನಲ್ಲಿ ಶಿಕ್ಷಣದಲ್ಲಿ ನಾಟಕ ಮತ್ತು ಕಲೆಗೆ ಜಾಗ ಕೊಟ್ಟಿದೆ. ನಾನು ಕಂಡ ಕೆಲವೆಡೆ ಅದು ರಂಗೋಲಿ ಸ್ಪರ್ಧೆಯಾಗಿ ಮುಗಿಯುತ್ತದೆ, ಆ ಮಾತು ಬೇರೆ.

ಸನ್ನಿವೇಶವನ್ನು ಎರಡನೆಯ ಸಲ ಆಡಿದಾಗ ಹುಡುಗಿ ಎದ್ದು ನಿಂತು ಮಗುವಿನ ಹೆಸರು ಕೇಳಿದಳು, ವಯಸ್ಸು ಕೇಳಿ ತರಗತಿ ಗೊತ್ತು ಮಾಡಿದಳು. ಎಲ್ಲ ಮುಗಿಯಿತು ಎನ್ನುವಾಗ ತಾಯಿಯ ಪಾತ್ರದವಳು ಕೇಳಿದಳು: "ಯುಗಾದಿಗೆ ಊರಿಗೆ ಹೋಗುತ್ತೇವೆ ಮೇಡಂ. ಇವಳ ಪರೀಕ್ಷೆ ಎಲ್ಲಿ?" ಯಾರ ಬಳಿಯೂ ಉತ್ತರವಿರಲಿಲ್ಲ, ಗಂಟೆ ಹೊಡೆಯಿತು. ಹಾಜರಿ ಪುಸ್ತಕದಲ್ಲಿ ಅಂಥ ಹೆಸರುಗಳನ್ನು ತಾವು ವರ್ಷವರ್ಷವೂ ಕಂಡವರು. ಏನು ಮಾಡುತ್ತಿದ್ದಿರಿ ಎಂದು ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.

— ಸಂ.